ಹಲಗಲಿಯ ಹತಾರ ಮತ್ತು ಹತ್ತನೆಯ ತರಗತಿಯ ಒಂದು ಪ್ರಶ್ನೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಯಾವ ವಿಷಯ ಆರಿಸಿಕೊಳ್ಳಬೇಕೆಂದು ಎರಡು ದಿನ ವಿಚಾರ ಮಾಡಿದೆ. ಹುಲಕೋಟಿಯ ಸಹಕಾರಿ ಚಳವಳಿ, ಕೆ. ಎಚ್. ಪಾಟೀಲರ ಮುಂದಾಳುತನ, ನೂಲಿನ ಗಿರಣಿ, ಕೃಷಿ ವಿಜ್ಞಾನ ಕೇಂದ್ರ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಬಹಳ ಜನ ಇದ್ದಾರೆ. ನಾನು ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ. ನನ್ನ ಬಳಿ ಇರುವ ಆಸ್ತಿಯೆಂದರೆ ಮಕ್ಕಳು ಕೇಳಿದ ಪ್ರಶ್ನೆಗಳು. ಅವುಗಳಲ್ಲಿ ಒಂದಕ್ಕೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಆ ಸಾಲವನ್ನು ಈ ಲೇಖನದಲ್ಲಿ ತೀರಿಸಲು ಪ್ರಯತ್ನಿಸುತ್ತೇನೆ.

ಹತ್ತನೆಯ ತರಗತಿ. ಹಿಂದಿನ ತಾಸಿನಲ್ಲಿ ಕನ್ನಡದ ಮಾಸ್ತರರು 'ಹಲಗಲಿ ಬೇಡರು' ಲಾವಣಿಯನ್ನು ಹಾಡಿ ಮುಗಿಸಿ ಹೋಗಿದ್ದರು. ಮಕ್ಕಳ ಮೈಯಲ್ಲಿ ಇನ್ನೂ ಆ ಹಾಡಿನ ಕಾವು ಇತ್ತು. ನಾನು 1857ರ ಪಾಠ ತೆಗೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸರ್, ನಮ್ಮ ಅಜ್ಜ ಪ್ರತಿ ಇಲೆಕ್ಷನ್ನಿಗೂ ತನ್ನ ಬಂದೂಕ ಸ್ಟೇಷನ್ನಿಗೆ ಒಯ್ದು ಕೊಟ್ಟು ಬರ್ತಾನ್ರೀ. ಏನೂ ಜಗಳ ಮಾಡೂದಿಲ್ಲ. ಹಲಗಲಿಯವ್ರು ಯಾಕ ಕೊಡಲಿಲ್ರೀ?"

ತರಗತಿ ನಕ್ಕಿತು. ನಾನೂ ನಕ್ಕೆ. "ಅವರು ದೇಶಭಕ್ತರಪ್ಪಾ, ಅದಕ್ಕ ಕೊಡಲಿಲ್ಲ" ಎಂದು ಹೇಳಿ ಕೂಡ್ರಿಸಿದೆ. ಹುಡುಗ ಕುಳಿತ. ಆದರೆ ಅವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. 'ಹಾಗಾದರೆ ನಮ್ಮ ಅಜ್ಜ ದೇಶಭಕ್ತನಲ್ಲವೇ' ಎಂಬ ಇನ್ನೊಂದು ಪ್ರಶ್ನೆ ಅವನ ಬಾಯಲ್ಲೇ ಉಳಿಯಿತೆಂದು ನನಗೆ ಮನೆಗೆ ಹೋಗುವಾಗ ಹೊಳೆಯಿತು.

ಹಲಗಲಿಯಲ್ಲಿ ನಡೆದದ್ದು

ಮೊದಲು ಘಟನೆಯನ್ನು ನೆನಪಿಸಿಕೊಳ್ಳೋಣ. ಹಲಗಲಿ ಇಂದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಊರು. ಆಗ ಅದು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಕಂಪನಿ ಸರಕಾರಕ್ಕೆ ಭಯ ಹುಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಪರವಾನಿಗೆ ಇಲ್ಲದೆ ಯಾರೂ ಹತಾರ ಇಟ್ಟುಕೊಳ್ಳಬಾರದು, ಇದ್ದವರು ತಂದು ಒಪ್ಪಿಸಬೇಕು ಎಂಬುದು ಅದರ ತಿರುಳು.

ಹಲಗಲಿಯ ಬೇಡರಿಗೆ ಹತಾರವೆಂದರೆ ಗೋಡೆಗೆ ತೂಗುಹಾಕುವ ಅಲಂಕಾರವಾಗಿರಲಿಲ್ಲ. ಬೇಟೆ ಅವರ ಅನ್ನ, ಕಾವಲು ಅವರ ಕಸುಬು. ರೈತನಿಂದ ಕೂರಿಗೆ ಕಸಿದುಕೊಂಡಂತೆ, ಕಂಬಾರನಿಂದ ತಿದಿ ಕಸಿದುಕೊಂಡಂತೆ ಅವರಿಗೆ ಆ ಹುಕುಂ ಕಂಡಿತು. ಪೂಜಾರಿ ಹನುಮ, ಬಾಲ, ಜಡಗ, ರಾಮ ಇವರ ಮುಂದಾಳುತನದಲ್ಲಿ ಅವರು ಒಲ್ಲೆವೆಂದರು. ತಿಳಿಹೇಳಲು ಬಂದ ಕಾರಕೂನನಿಗೆ ಕಪಾಳಕ್ಕೆ ಏಟು ಬಿತ್ತೆಂದು ಲಾವಣಿ ಹೇಳುತ್ತದೆ. ನವೆಂಬರ್ ತಿಂಗಳ ಕೊನೆಗೆ ಕಂಪನಿಯ ದಂಡು ಊರನ್ನು ಮುತ್ತಿತು. ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಮುಧೋಳದಲ್ಲಿ 13 ಜನ, ಅವರದೇ ಊರಾದ ಹಲಗಲಿಯಲ್ಲಿ 6 ಜನ.

ಈ ಸುದ್ದಿ ನಮ್ಮ ಸೀಮೆಗೆ ದೂರದ್ದಾಗಿರಲಿಲ್ಲ. ಆರು ತಿಂಗಳು ಕಳೆಯುವುದರೊಳಗೆ, 1858ರ ಮೇ ತಿಂಗಳಲ್ಲಿ, ಮುಂಡರಗಿಯ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಎದ್ದರು. ಅಲ್ಲಿಯೂ ಕಿಡಿ ಹೊತ್ತಿದ್ದು ಹತಾರದಿಂದಲೇ. ಹಮ್ಮಿಗಿಯಲ್ಲಿ ಕೂಡಿಟ್ಟ ಹತಾರ, ಮದ್ದುಗುಂಡುಗಳ ಸುಳಿವು ಅಧಿಕಾರಿಗಳಿಗೆ ಹತ್ತಿತು. ಇನ್ನು ಕಾಯುವಂತಿರಲಿಲ್ಲ. ಅವರು ಡಂಬಳದ ಮೇಲೆ ಹಾಯ್ದು ಕೊಪ್ಪಳದ ಕೋಟೆ ಹಿಡಿದರು. ಜೂನ್ 1ರಂದು ಅಲ್ಲಿಯೇ ಇಬ್ಬರೂ ಮಡಿದರು. ಅದೇ ವಾರ ನರಗುಂದದ ಬಾಬಾಸಾಹೇಬರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಲ್ಲಿಸಿದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ನರಗುಂದದ ಗುಡ್ಡಕ್ಕೆ ಪ್ರವಾಸ ಹೋದ ಮಕ್ಕಳಿಗೆ ಇದನ್ನೆಲ್ಲ ನಾವು ಹೇಳುತ್ತ ಬಂದಿದ್ದೇವೆ.

ಕುರ್ತಕೋಟಿಯ ಹಾಡು

ಹಲಗಲಿಯ ಲಾವಣಿಗೂ ನಮಗೂ ಇನ್ನೊಂದು ನಂಟಿದೆ. ಅದನ್ನು ನಮ್ಮ ಮಕ್ಕಳಿಗೆ ಒತ್ತಿ ಹೇಳಬೇಕು. ಲಾವಣಿಯ ಕೊನೆಗೆ ಬರುವ ಅಂಕಿತ ಕುರ್ತಕೋಟಿಯ ಕಲ್ಮೇಶನದು. ಕುರ್ತಕೋಟಿ ನಮ್ಮ ನೆರೆಯ ಊರು, ಸೈಕಲ್ ತುಳಿದು ಹೋಗಿಬರುವಷ್ಟು ಹತ್ತಿರ. ದೊಡ್ಡ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅವರ ಊರೆಂದು ಅದನ್ನು ಸಾಹಿತ್ಯ ಬಲ್ಲವರು ನೆನೆಯುತ್ತಾರೆ. ಅದಕ್ಕೂ ಬಹಳ ಮೊದಲೇ ಅಲ್ಲಿಯ ಲಾವಣಿಕಾರನೊಬ್ಬ ತನ್ನ ಹೆಸರನ್ನು ಹಿಂದಿಟ್ಟು, ದೇವರ ಹೆಸರನ್ನು ಮುಂದಿಟ್ಟು, ಮುಧೋಳ ಸೀಮೆಯ ಬೇಡರ ಕಥೆಯನ್ನು ಹಾಡಿದ್ದ. ಹತಾರದ ಇತಿಹಾಸವನ್ನು ನಮ್ಮ ಕಡೆಯ ಮಕ್ಕಳು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ಡಪ್ಪು ತುಂತುಣಿಯ ಮುಂದೆ, ಜಾತ್ರೆಯ ಬಯಲಿನಲ್ಲಿ.

ಆ ಹಾಡು ಅಚ್ಚಿಗೆ ಬಂದ ರೀತಿಯೂ ವಿಚಿತ್ರ. ಅದನ್ನು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದವನು ಜೆ. ಎಫ್. ಫ್ಲೀಟ್. ನಮ್ಮ ಭಾಗದ ಶಾಸನಗಳನ್ನು ಓದಿದ ಫ್ಲೀಟ್ ಬ್ರಿಟಿಷ್ ಅಧಿಕಾರಿ. ಒಂದು ಕಾಲಕ್ಕೆ ಮುಂಬಯಿ ಇಲಾಖೆಯ ದಕ್ಷಿಣ ವಿಭಾಗದ ಶಿಕ್ಷಣ ಇನ್ಸ್‌ಪೆಕ್ಟರನೂ ಆಗಿದ್ದವನು. ಹತಾರ ಕಸಿದುಕೊಂಡ ಸರಕಾರದ ಶಾಲಾ ಅಧಿಕಾರಿಯೇ, ಹತಾರ ಕೊಡದವರ ಹಾಡನ್ನು ಉಳಿಸಿಕೊಟ್ಟ. ಇಂದು ಅದೇ ಹಾಡು ನಮ್ಮ ಸರಕಾರದ ಪಠ್ಯಪುಸ್ತಕದಲ್ಲಿದೆ. ಬಯಲಿನ ಹಾಡು ಶಾಲೆಯ ಪಾಠವಾದ ಮೇಲೆ ಅದರ ಹೊಣೆಯೂ ಶಾಲೆಗೆ ಬಂತು.

ಈ ಹಾಡನ್ನು ನಾವು ಮಕ್ಕಳಿಗೆ ಹೇಗೆ ಹೇಳುತ್ತೇವೆ ಎಂಬುದು ಮುಖ್ಯ. ಬರಿಯ ಗುಂಡು, ಕತ್ತಿ, ಹೊಡೆದಾಟದ ಹಾಡೆಂದು ಹೇಳಿದರೆ ಹದಿನೈದರ ಹುಡುಗರು ಎದೆಯುಬ್ಬಿಸಿ ಕುಳಿತುಕೊಳ್ಳುತ್ತಾರೆ, ಅಷ್ಟೆ. ಆ ದಿನ ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದ್ದಳು: "ಸರ್, ಊರು ಸುಟ್ಟ ಮ್ಯಾಲೆ ಅವರ ಮನ್ಯಾಗಿನ ಹೆಣ್ಮಕ್ಕಳು ಏನ್ ಮಾಡಿದ್ರೀ?"

ಅವಳ ಪ್ರಶ್ನೆಗೆ ಉತ್ತರ ಲಾವಣಿಯಲ್ಲಿಯೇ ಇದೆ. ಕೊನೆಯ ಭಾಗವನ್ನು ನಿಧಾನವಾಗಿ ಓದಿ ನೋಡಿರಿ. ಅಲ್ಲಿ ಲೂಟಿಯಾದ ಸಾಮಾನುಗಳ ಪಟ್ಟಿ ಬರುತ್ತದೆ. ಕೊಡಲಿ, ಕುಡ ಇವೆ. ಆದರೆ ಅವುಗಳ ಜೊತೆಗೇ ಹಾಲು ಮೊಸರಿದೆ, ಉಪ್ಪಿದೆ, ಜೀರಿಗೆಯಿದೆ, ಬೀಸುವ ಕಲ್ಲಿದೆ, ಹೆಂಗಸರ ಕೊರಳಿನ ಮಂಗಳಸೂತ್ರವಿದೆ. ಹತಾರದಿಂದ ಶುರುವಾದ ಹಾಡು ಅಡುಗೆಮನೆಗೆ ಬಂದು ನಿಲ್ಲುತ್ತದೆ. ಕುರ್ತಕೋಟಿಯ ಆ ಲಾವಣಿಕಾರ ಶಾಲೆ ಕಲಿತವನೋ ಅಲ್ಲವೋ, ಇತಿಹಾಸ ಮಾತ್ರ ಚೆನ್ನಾಗಿ ಬಲ್ಲವನು. ಬಂದೂಕಿನ ಲೆಕ್ಕವನ್ನು ಎಲ್ಲಿ ಬರೆಯಬೇಕೆಂದು ಅವನಿಗೆ ಗೊತ್ತಿತ್ತು.

ಅಜ್ಜನ ರಸೀದಿ

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಬೆಳೆ ಕಾಯಲೆಂದು ಪರವಾನಿಗೆ ಪಡೆದು ಬಂದೂಕು ಇಟ್ಟುಕೊಂಡ ಮನೆಗಳು ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ. ಚುನಾವಣೆ ಘೋಷಣೆಯಾದರೆ ಅವುಗಳನ್ನು ಠಾಣೆಯಲ್ಲಿ ಜಮಾ ಮಾಡಬೇಕು. ಎಲ್ಲರೂ ನೋಡಿದ ಸಂಗತಿ ಇದು. ಅಜ್ಜ ಬಂದೂಕು ಕೊಟ್ಟಾಗ ಕೈಯಲ್ಲಿ ರಸೀದಿ ಬರುತ್ತದೆ. ಮತ ಎಣಿಕೆ ಮುಗಿದ ಮೇಲೆ ಅದೇ ರಸೀದಿ ತೋರಿಸಿ ಅದೇ ಬಂದೂಕನ್ನು ತರುತ್ತಾನೆ. ಯಾಕೆ ಕೊಡಬೇಕೆಂದು ಅವನಿಗೆ ಗೊತ್ತು. ಮತ ಹಾಕುವವನು ಯಾರಿಗೂ ಹೆದರಬಾರದು. ಆ ಮತದಲ್ಲಿ ಅಜ್ಜನದೂ ಒಂದು ಮತವಿದೆ. ಕಾನೂನು ಮಾಡುವವರನ್ನು ಆರಿಸುವವನೂ ಅವನೇ.

ಹಲಗಲಿಯವರಿಗೆ ಇದಾವುದೂ ಇರಲಿಲ್ಲ. ಕಾಯ್ದೆ ಮಾಡುವಾಗ ಅವರನ್ನು ಯಾರೂ ಕೇಳಲಿಲ್ಲ. ಕೊಟ್ಟದ್ದು ತಿರುಗಿ ಬರುವ ಭರವಸೆಯಿರಲಿಲ್ಲ. ಬೇಟೆ ಬಿಟ್ಟರೆ ಬದುಕಿಗೆ ಏನು ದಾರಿ ಎಂದು ಹೇಳುವವರೂ ಇರಲಿಲ್ಲ. ಮುಂದೆ 1878ರಲ್ಲಿ ಲಾರ್ಡ್ ಲಿಟ್ಟನ್‌ನ ಕಾಲಕ್ಕೆ ಬಂದ ಆಯುಧ ಕಾಯ್ದೆಯಲ್ಲಿ ಭಾರತೀಯರಿಗೆ ಪರವಾನಿಗೆ ಕಡ್ಡಾಯವಾಗಿ, ಯುರೋಪಿಯನ್ನರಿಗೆ ವಿನಾಯಿತಿ ಸಿಕ್ಕಿತು. ಒಂದೇ ನೆಲದಲ್ಲಿ ಎರಡು ತಕ್ಕಡಿ. ಕಾಂಗ್ರೆಸ್ಸಿನ ಆರಂಭದ ಅಧಿವೇಶನಗಳಲ್ಲಿ ಈ ಕಾಯ್ದೆಯ ವಿರುದ್ಧ ಠರಾವುಗಳು ಆದದ್ದು ಈ ಕಾರಣಕ್ಕೇ.

ಆದ್ದರಿಂದ ಆ ಹುಡುಗನಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು: "ತಮ್ಮಾ, ಹಲಗಲಿಯವರು ಕೊಡಲಿಲ್ಲ, ಯಾಕೆಂದರೆ ಅವರ ಮಾತಿಗೆ ಬೆಲೆ ಇರಲಿಲ್ಲ. ನಿಮ್ಮ ಅಜ್ಜ ಕೊಡುತ್ತಾನೆ, ಯಾಕೆಂದರೆ ಅವನ ಮಾತಿಗೆ ಬೆಲೆ ಇದೆ. ಇಬ್ಬರೂ ಮರ್ಯಾದೆಯ ಜನ."

ಕೊಡಗಿನ ತೊಟ್ಟಿಲು

ನಮ್ಮದೇ ಕನ್ನಡ ನಾಡಿನಲ್ಲಿ ಹತಾರದ ಇತಿಹಾಸ ಬೇರೆ ದಾರಿ ಹಿಡಿದ ಸೀಮೆಯೂ ಇದೆ. ಹಲಗಲಿ ಸುಟ್ಟ ನಾಲ್ಕು ವರ್ಷಕ್ಕೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಅದು ಇಂದಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಗುಂಡು ಹಾರಿಸುವುದು, ಔಡಲದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ತಾಗಿಸುವುದು ಹಿಂದಿನಿಂದ ಬಂದ ಪದ್ಧತಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ.

ಅಲ್ಲಿಯ ಮಗು ಕೋವಿಯನ್ನು ಮೊದಲು ನೋಡುವುದು ದೇವರ ಮುಂದೆ, ಹಿರಿಯರ ಕೈಯಲ್ಲಿ. ಆಟದ ಸಾಮಾನೆಂದಲ್ಲ, ಮನೆತನದ ಹೊಣೆಯೆಂದು. ನಮ್ಮ ಮಹಾನವಮಿಯ ಖಂಡೆ ಪೂಜೆಯಲ್ಲಿಯೂ ಇದೇ ಗುಣವಿದೆ. ಕುಡಗೋಲು, ಕೊಡಲಿ, ಟ್ರ್ಯಾಕ್ಟರ್ ಇವುಗಳ ಪಕ್ಕದಲ್ಲಿ ಮಕ್ಕಳ ಪುಸ್ತಕಗಳನ್ನೂ ಇಟ್ಟು ಪೂಜಿಸುತ್ತೇವೆ. ಕೈಗೆ ಸಿಕ್ಕ ಬಲಕ್ಕೆ ಕೈ ಮುಗಿದೇ ಮುಟ್ಟಬೇಕೆಂಬ ಪಾಠ ಅದು.

ಆದರೆ ಮನೆಯ ಪದ್ಧತಿ ಒಂದು, ಶಾಲೆಯ ಅಂಗಳ ಇನ್ನೊಂದು. 2022ರ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯ ವಿದ್ಯಾಸಂಸ್ಥೆಯೊಂದರ ಆವರಣದಲ್ಲಿ ಸಂಘಟನೆಯೊಂದು ಶಿಬಿರ ನಡೆಸಿತು. ಅಲ್ಲಿ ಯುವಕರು ಏರ್‌ಗನ್ ಹಿಡಿದ ಚಿತ್ರಗಳು ಹೊರಬಂದಾಗ ರಾಜ್ಯದಲ್ಲೆಲ್ಲ ವಾದ ಎದ್ದಿತು. ಕೋವಿ ಮನೆಮನೆಯಲ್ಲಿರುವ ಸೀಮೆಯಲ್ಲಿಯೂ ಶಾಲೆಯ ಅಂಗಳಕ್ಕೆ ಅದು ಬಂದಾಗ ಜನ ಪ್ರಶ್ನೆ ಕೇಳಿದರೆಂಬುದನ್ನು ಗಮನಿಸಬೇಕು. ಶಾಲೆಯ ಅಂಗಳ ಎಲ್ಲ ಮಕ್ಕಳದು. ಅಲ್ಲಿ ಯಾರು, ಯಾರ ಅಪ್ಪಣೆಯಿಂದ, ಯಾತಕ್ಕಾಗಿ ಕಲಿಸುತ್ತಾರೆ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಪಾಲಕರಿಗೂ ಇದೆ.

ಖೋಕಾ ಎಣಿಸಿದ ಪಾಠ

ಹಾಗಾದರೆ ಶಾಲೆ ಕಾಲೇಜುಗಳಲ್ಲಿ ಬಂದೂಕು ಎಂದೂ ಬರಲೇ ಇಲ್ಲವೇ? ಬಂತು. ಆದರೆ ಕಾನೂನಿನ ಬಾಗಿಲಿನಿಂದ ಬಂತು. ಸ್ವಾತಂತ್ರ್ಯ ಬರುವ ಹೊತ್ತಿಗೆ ಪಂಡಿತ ಹೃದಯನಾಥ ಕುಂಜ್ರು ಅವರ ಸಮಿತಿ ವಿದ್ಯಾರ್ಥಿಗಳಿಗಾಗಿ ರಾಷ್ಟ್ರಮಟ್ಟದ ದಳವೊಂದು ಬೇಕೆಂದು ಹೇಳಿತು. 1948ರಲ್ಲಿ ಸಂಸತ್ತಿನ ಕಾಯ್ದೆಯಿಂದ ಎನ್‌ಸಿಸಿ ಹುಟ್ಟಿತು. ಕಾಲೇಜಿನವರಿಗೆ ಸೀನಿಯರ್ ವಿಭಾಗ, ಪ್ರೌಢಶಾಲೆಯವರಿಗೆ ಜೂನಿಯರ್ ವಿಭಾಗ. ಮರುವರ್ಷ ಹುಡುಗಿಯರಿಗೂ ವಿಭಾಗ ತೆರೆಯಿತು. 1962ರ ಚೀನಾ ಯುದ್ಧದ ನಂತರ ಕಾಲೇಜು ಹುಡುಗರಿಗೆಲ್ಲ ಅದನ್ನು ಕಡ್ಡಾಯ ಮಾಡಲಾಯಿತು. 1968ರಲ್ಲಿ ಮತ್ತೆ ಅವರವರ ಇಚ್ಛೆಗೆ ಬಿಡಲಾಯಿತು. ತೊಂಬತ್ತು ವರ್ಷಗಳ ಹಿಂದೆ ಕನ್ನಡಿಗರ ಕೈಯಿಂದ ಕಸಿದ ಹತಾರವನ್ನು ಸ್ವತಂತ್ರ ಸರಕಾರ ವಿದ್ಯಾರ್ಥಿಗಳ ಕೈಗೆ ಕೊಟ್ಟಿತೆಂದು ಹೇಳಬಹುದು. ಆದರೆ ಹೇಗೆ ಕೊಟ್ಟಿತು ಎಂಬುದರಲ್ಲಿ ಪಾಠವಿದೆ.

ನಾನು ಕಾಲೇಜಿನಲ್ಲಿ ಕೆಡೆಟ್ ಆಗಿದ್ದೆ. ಪಾಯಿಂಟ್ ಟೂ-ಟೂ ರೈಫಲ್ ಕೈಗೆ ಬರುವ ಮೊದಲು ವಾರಗಟ್ಟಲೆ ಬರಿಯ ಕವಾಯತು. ನಂತರ ಖಾಲಿ ರೈಫಲ್ ಬಿಚ್ಚುವುದು, ಒರೆಸುವುದು, ಜೋಡಿಸುವುದು. ನಾವು ಉಸ್ತಾದ್ ಎಂದು ಕರೆಯುತ್ತಿದ್ದ ಹವಾಲ್ದಾರರು ದಿನವೂ ಮೂರು ಮಾತು ಹೇಳಿಸುತ್ತಿದ್ದರು. ಬಂದೂಕು ಯಾವಾಗಲೂ ತುಂಬಿದೆಯೆಂದೇ ತಿಳಿ. ಮನುಷ್ಯನ ಕಡೆಗೆ ಎಂದೂ ಅದರ ಮೂತಿ ತಿರುಗಿಸಬೇಡ. ಹೊಡೆಯುವ ಹುಕುಂ ಬರುವತನಕ ಕುದುರೆಯ ಮೇಲೆ ಬೆರಳಿಡಬೇಡ.

ಫೈರಿಂಗಿನ ದಿನ ಕೆಂಪು ಬಾವುಟ ಹಾರುತ್ತಿತ್ತು. ಎಣಿಸಿ ಐದು ಗುಂಡು ಕೊಡುತ್ತಿದ್ದರು. ಮುಗಿದ ಮೇಲೆ ಎಣಿಸಿ ಐದು ಖಾಲಿ ಖೋಕಾ ತಿರುಗಿ ಕೊಡಬೇಕು. ಒಂದು ಸಲ ನನ್ನ ಖೋಕಾಗಳಲ್ಲಿ ಒಂದು ಕಡಿಮೆ ಬಂತು. ಬಿಸಿಲಿನಲ್ಲಿ ಇಡೀ ತಂಡ ಹುಲ್ಲಿನಲ್ಲಿ ಮೊಣಕಾಲೂರಿ ಹುಡುಕಿತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ, ಯಾರಿಗೂ ಕೆಲಸಕ್ಕೆ ಬಾರದ ಹಿತ್ತಾಳೆಯ ಚೂರು. ಅದು ಸಿಗುವತನಕ ಯಾರಿಗೂ ಊಟವಿರಲಿಲ್ಲ. ಗುರಿಯಲ್ಲಿ ನಾನು ಎಷ್ಟು ಅಂಕ ಪಡೆದೆನೋ ಮರೆತುಹೋಗಿದೆ. ಆ ಖೋಕಾ ಹುಡುಕಿದ್ದು ಮರೆತಿಲ್ಲ. ಬಂದೂಕಿನ ಶಿಕ್ಷಣವೆಂದರೆ ಗುರಿ ಹೊಡೆಯುವುದಲ್ಲ, ಪ್ರತಿಯೊಂದು ಗುಂಡಿಗೂ ಲೆಕ್ಕ ಕೊಡುವುದು ಎಂದು ಅಂದು ತಿಳಿಯಿತು. 1959ರ ಆಯುಧ ಕಾಯ್ದೆಯೂ ಇದನ್ನೇ ಹೇಳುತ್ತದೆ. ಬಂದೂಕು ಹೊಂದಲು ಮೊದಲು 16 ವರ್ಷವಿದ್ದ ವಯೋಮಿತಿಯನ್ನು 1983ರ ತಿದ್ದುಪಡಿ 21ಕ್ಕೆ ಏರಿಸಿತು. ಅದಕ್ಕಿಂತ ಚಿಕ್ಕವರಿಗೆ ನಿಯಮಬದ್ಧ ತರಬೇತಿಯಲ್ಲಿ ಮಾತ್ರ ಅವಕಾಶ.

ನಾನು ಮುರಿದ ಪಿಸ್ತೂಲು

ಇಷ್ಟು ಕಲಿತ ನಾನೇ ಮಾಸ್ತರನಾದ ಮೇಲೆ ಒಂದು ತಪ್ಪು ಮಾಡಿದೆ. ಆಗ ಬೇರೊಂದು ಊರಿನಲ್ಲಿ ಕೆಲಸಕ್ಕಿದ್ದೆ. ದೀಪಾವಳಿ ರಜೆ ಮುಗಿದ ವಾರ. ಎಂಟನೆಯ ತರಗತಿಯ ಹುಡುಗನೊಬ್ಬ ಟಿಕಳಿ ಹೊಡೆಯುವ ಪಿಸ್ತೂಲನ್ನು ಪಾಟಿಚೀಲದಲ್ಲಿ ತಂದಿದ್ದ. ಪಕ್ಕದವನ ಹಣೆಗೆ ಹಿಡಿದು ಆಡುತ್ತಿದ್ದುದನ್ನು ಕಂಡೆ. ಸಿಟ್ಟು ನೆತ್ತಿಗೇರಿತು. ಕಸಿದುಕೊಂಡು ಎಲ್ಲರ ಮುಂದೆ ಕಲ್ಲಿನಿಂದ ಜಜ್ಜಿ ಮುರಿದೆ. ಹುಡುಗನನ್ನು ಹೊರಗೆ ನಿಲ್ಲಿಸಿದೆ. ಅವನು ಎಂಟು ದಿನ ಶಾಲೆಗೆ ಬರಲಿಲ್ಲ.

ಒಂಬತ್ತನೆಯ ದಿನ ಅವನ ತಂದೆ ಕೈಹಿಡಿದು ಕರೆತಂದ. ಕೂಲಿ ಮಾಡುವ ಮನುಷ್ಯ. ಜಗಳಕ್ಕೆ ಬಂದಿರಬೇಕೆಂದು ನಾನು ಸಜ್ಜಾಗಿ ನಿಂತೆ. ಅವನು ಹೇಳಿದ್ದು ಇಷ್ಟೇ: "ಮುರದದ್ದಕ್ಕ ನಂದೇನು ಅಡ್ಡಿ ಇಲ್ರೀ ಸರ್. ಯಾಕ ಮುರದ್ರಿ ಅನ್ನೂದು ಅವಗ ತಿಳೀಲಿಲ್ಲ. ಅದನ್ನಷ್ಟು ಹೇಳ್ರಿ."

ನಾನು ಶಿಕ್ಷೆ ಕೊಟ್ಟಿದ್ದೆ, ಶಿಕ್ಷಣ ಕೊಟ್ಟಿರಲಿಲ್ಲ. ಆ ಹುಡುಗನಿಗೆ ಅರ್ಥವಾದದ್ದು ಮಾಸ್ತರಿಗೆ ಬಲವಿದೆ, ತನಗೆ ಇಲ್ಲ ಎಂಬುದು ಮಾತ್ರ. ಯೋಚಿಸಿದರೆ ನಾಚಿಕೆಯಾಗುತ್ತದೆ. ಹಲಗಲಿಗೆ ಹುಕುಂ ಕಳಿಸಿದವರೂ ಅದನ್ನೇ ಕಲಿಸಿದ್ದರು.

ಈ ತಪ್ಪು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದಲ್ಲಿ ಮನೆಗಳಲ್ಲಿ ಬಂದೂಕು ಬಹಳ, ಶಾಲೆಗಳಲ್ಲಿ ಗುಂಡಿನ ದುರಂತಗಳೂ ಬಹಳ. 1994ರಲ್ಲಿ ಅಲ್ಲಿ ಬಂದ ಕಾಯ್ದೆಯ ಪ್ರಕಾರ ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಒಂದು ವರ್ಷ ಹೊರಗಿಡಬೇಕು. ಕಾಯ್ದೆಯಲ್ಲಿ ತಪ್ಪಿಲ್ಲ. ಆದರೆ ಭಯದಲ್ಲಿ ಹಲವು ಶಾಲೆಗಳು ಆಟಿಕೆಗೂ ಬಂದೂಕಿಗೂ ಭೇದ ಮರೆತವು. 2013ರಲ್ಲಿ ಮೇರಿಲ್ಯಾಂಡ್ ರಾಜ್ಯದ ಏಳು ವರ್ಷದ ಹುಡುಗನೊಬ್ಬ ತಾನು ತಿನ್ನುತ್ತಿದ್ದ ತಿನಿಸನ್ನು ಕಚ್ಚಿ ಪಿಸ್ತೂಲಿನ ಆಕಾರ ಮಾಡಿದ ಎಂದು ಎರಡು ದಿನ ಶಾಲೆಯಿಂದ ಹೊರಗಿಟ್ಟರು. ನನ್ನ ಕೈಯಲ್ಲಿ ಕಲ್ಲು ಇತ್ತು, ಅವರ ಕೈಯಲ್ಲಿ ನಿಯಮ ಇತ್ತು, ಅಷ್ಟೇ ವ್ಯತ್ಯಾಸ.

ಹೇಳಿದರೆ ಸಾಕೇ?

ಹಾಗೆಂದು 'ಮುಟ್ಟಬೇಡ' ಎಂದು ಹೇಳಿಬಿಟ್ಟರೆ ಮುಗಿಯಿತೇ? ಅಮೆರಿಕದಲ್ಲಿ 1988ರಿಂದ ಚಿಕ್ಕ ಮಕ್ಕಳಿಗೆ ಒಂದು ಪಾಠ ಹೇಳಿಕೊಡುತ್ತ ಬಂದಿದ್ದಾರೆ: ನಿಲ್ಲು, ಮುಟ್ಟಬೇಡ, ಅಲ್ಲಿಂದ ಓಡು, ದೊಡ್ಡವರಿಗೆ ಹೇಳು. ಪಾಠ ಒಳ್ಳೆಯದೇ. ಆದರೆ 2001ರಲ್ಲಿ 'ಪೀಡಿಯಾಟ್ರಿಕ್ಸ್' ಎಂಬ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲೊಂದನ್ನು ಅಲ್ಲಿಯ ಡ್ರಾದಲ್ಲಿಟ್ಟಿದ್ದರು. 48 ಹುಡುಗರ ಕಣ್ಣಿಗೆ ಅದು ಬಿತ್ತು. 30 ಹುಡುಗರು ಕೈಯಲ್ಲಿ ಹಿಡಿದರು. 16 ಹುಡುಗರು ಕುದುರೆ ಎಳೆದರು. ಕಂಡವರಲ್ಲಿ ಸುಮಾರು ಅರ್ಧ ಜನ ಅದು ಆಟಿಕೆಯೆಂದೋ ಏನೆಂದು ಗೊತ್ತಾಗಲಿಲ್ಲವೆಂದೋ ಹೇಳಿದರು. ಮುಟ್ಟಿದವರಲ್ಲಿ ಬಹುಪಾಲು ಹುಡುಗರು ಸುರಕ್ಷತೆಯ ಪಾಠ ಕೇಳಿದವರೇ ಆಗಿದ್ದರು.

ಇದು ದೂರದ ಮಾತಲ್ಲ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಇಟ್ಟಿದ್ದ ಬಂದೂಕನ್ನು ಹುಡುಗನೊಬ್ಬ ಆಟವೆಂದು ಕೈಗೆತ್ತಿಕೊಂಡ. ಗುಂಡು ಹಾರಿ ಪುಟ್ಟ ಮಗುವೊಂದು ತೀರಿಕೊಂಡಿತು. ಹೊಲಗಳಲ್ಲಿ ಕಾಡುಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆಯೂ ಇದೇ ಜಾತಿಯ ಅಪಾಯ. ದನ ಕಾಯುವ ಮಕ್ಕಳ ಕೈಗೆ ಮೊದಲು ಸಿಗುವುದು ಅದೇ.

ಹೀಗಾಗಿ ಮಕ್ಕಳಿಗೆ ಪಾಠ ಬೇಕು, ಹಿರಿಯರಿಗೆ ಬೀಗ ಬೇಕು. ಪಾಠ ಎಷ್ಟೇ ಒಳ್ಳೆಯದಿದ್ದರೂ ಬೀಗದ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಬಂದೂಕಿದ್ದವರು ಗುಂಡುಗಳನ್ನು ಬೇರೆ ಕಡೆ, ಬಂದೂಕನ್ನು ಬೀಗದೊಳಗೆ ಇಟ್ಟು, ಕೀಲಿಯನ್ನು ಸೊಂಟದಲ್ಲಿ ಇಟ್ಟುಕೊಳ್ಳಬೇಕು. ಶಾಲೆಯವರು ವರ್ಷಕ್ಕೊಮ್ಮೆಯಾದರೂ ಅರ್ಧ ತಾಸು ಈ ವಿಷಯ ಮಾತಾಡಬೇಕು. ಹೊಲದಲ್ಲಿ, ಗುಡ್ಡದಲ್ಲಿ, ನೆಂಟರ ಮನೆಯಲ್ಲಿ ಇಂಥದ್ದು ಕಂಡರೆ ಮುಟ್ಟದೆ, ಗೆಳೆಯರನ್ನೂ ದೂರ ಕರೆದುಕೊಂಡು ಬಂದು, ದೊಡ್ಡವರಿಗೆ ಹೇಳಬೇಕು. ಹೇಳಿದ ಮಗುವಿಗೆ ಬೈಯಬಾರದು, ಶಭಾಶ್ ಎನ್ನಬೇಕು. ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ.

ಆಟಿಕೆಯ ಪಿಸ್ತೂಲು ತಂದ ಮಗುವಿನಿಂದ ಅದನ್ನು ಇಸಿದುಕೊಳ್ಳೋಣ, ಸಂಜೆ ಪಾಲಕರ ಕೈಗೆ ಕೊಡೋಣ. ಚುನಾವಣೆಯಲ್ಲಿ ಅಜ್ಜನಿಗೆ ರಸೀದಿ ಕೊಟ್ಟಂತೆ ಮಗುವಿಗೂ ಒಂದು ಮಾತಿನ ರಸೀದಿ ಇರಲಿ: ಯಾಕೆ ತೆಗೆದುಕೊಂಡೆ, ಯಾವಾಗ ಕೊಡುತ್ತೇನೆ ಎಂದು. ಐವತ್ತು ವರ್ಷದ ಶಾಲೆಗೆ ಇಷ್ಟು ತಾಳ್ಮೆ ಹೆಚ್ಚಿನದಲ್ಲ.

ಆ ಹುಡುಗ ಈಗ ಎಲ್ಲಿಯೋ ಸಂಸಾರ ಮಾಡಿಕೊಂಡಿರಬೇಕು. ಅವನ ಅಜ್ಜ ಇದ್ದಾನೋ ಇಲ್ಲವೋ ತಿಳಿಯದು. ಈ ಸಂಚಿಕೆ ಅವನ ಕೈಗೆ ಸಿಕ್ಕರೆ, ತಡವಾಗಿಯಾದರೂ ಮಾಸ್ತರ ಉತ್ತರ ಬರೆದಿದ್ದಾನೆಂದು ತಿಳಿಯಲಿ. ಅವನ ಮಕ್ಕಳು ಹಲಗಲಿಯ ಲಾವಣಿ ಕಲಿಯುವ ವಯಸ್ಸಿಗೆ ಬಂದಾಗ ಅವರನ್ನು ಒಂದು ದಿನ ಕುರ್ತಕೋಟಿಗೆ ಕರೆದುಕೊಂಡು ಹೋಗಲಿ. ಹಾಡು ಹುಟ್ಟಿದ ಊರನ್ನು ತೋರಿಸಲಿ. ತಿರುಗಿ ಬರುವಾಗ ದಾರಿಯಲ್ಲಿ ಬೀಸುವ ಕಲ್ಲಿನ ಮಾತನ್ನೂ ಹೇಳಲಿ.